ಕಥೆ ಓದಿಕೊಂಡು ಬಂದವರಿಗೆ ಮಾತ್ರ

ಹಾಸ್ಟೆಲಿನ ನೀರು ಸಾರು, ಮಳೆಗಾಲದಲ್ಲಿ ಸೋರುತ್ತಿದ್ದ ಗ್ರಂಥಾಲಯ, ಇಂಗ್ಲಿಷ್ ಪರೀಕ್ಷೆಯ ಭಯ, ಇವನ್ನೆಲ್ಲ ನಮ್ಮ ಕಾಲೇಜು ಸಂಚಿಕೆಯ ಈ ಪುಟಗಳಲ್ಲಿ ನನಗಿಂತ ಹಿರಿಯರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಬರೆಯಬೇಕೆಂದಿರುವುದು ಈ ಕಾಲೇಜಿನಲ್ಲಿ ಓದದ, ನಾನಿದ್ದಷ್ಟು ಕಾಲ ಇಲ್ಲಿಗೆ ಕಾಲಿಡದ ಒಬ್ಬರ ಬಗ್ಗೆ. ಚಿತ್ರ ನಿರ್ದೇಶಕ ಗಿರೀಶ್ ಕಾಸರವಳ್ಳಿಯವರನ್ನು ನನಗೆ ಕೊಟ್ಟದ್ದು ಈ ಕಾಲೇಜು. ಹೆಚ್ಚು ಸರಿಯಾಗಿ ಹೇಳಬೇಕೆಂದರೆ, ನಮ್ಮ ಕನ್ನಡ ಮೇಷ್ಟ್ರು ನಡೆಸುತ್ತಿದ್ದ ಚಿತ್ರ ಸಮಾಜ.

ಎಂಬತ್ತರ ದಶಕದ ಕೊನೆಯ ಮಾತು. ಊರಿನ ಟಾಕೀಸಿಗೆ ಕಾಸರವಳ್ಳಿಯವರ ಚಿತ್ರ ಬರುತ್ತಿರಲಿಲ್ಲ. ದೂರದರ್ಶನದವರು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿದ್ದರು. ಕನ್ನಡದ ಸರದಿ ಬಂದ ದಿನ ಕರೆಂಟು ಇದ್ದರೆ ಪುಣ್ಯ. ಹಾಗಾಗಿ ಚಿತ್ರದ ಹದಿನಾರು ಮಿಲಿಮೀಟರಿನ ಫಿಲ್ಮ್ ಪ್ರತಿ, ತಗಡಿನ ಡಬ್ಬಿಗಳಲ್ಲಿ ಬಸ್ಸಿನ ಮೇಲೆ ಬರುತ್ತಿತ್ತು. ಭೌತಶಾಸ್ತ್ರದ ಉಪನ್ಯಾಸ ಕೊಠಡಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿಯುವುದು ನಮ್ಮ ಕೆಲಸ. ಸೂಚನಾ ಫಲಕದಲ್ಲಿ ಮೇಷ್ಟ್ರು ಚಿತ್ರದ ಹೆಸರಿನ ಕೆಳಗೆ ತಪ್ಪದೆ ಒಂದು ಸಾಲು ಬರೆಯುತ್ತಿದ್ದರು: ‘ಕಥೆ ಓದಿಕೊಂಡು ಬಂದವರಿಗೆ ಮಾತ್ರ ಪ್ರವೇಶ’. ಬಾಗಿಲಲ್ಲಿ ನಿಂತು ಕೇಳುತ್ತಲೂ ಇದ್ದರು. ಗ್ರಂಥಾಲಯದಲ್ಲಿದ್ದ ಪ್ರತಿ ಒಂದೇ ಆದ್ದರಿಂದ ಆ ವಾರ ಅದು ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತುಹೋಗುತ್ತಿತ್ತು.

ಚಿತ್ರ ಮುಗಿದ ಮೇಲೆ ಅವರು ಕೇಳುತ್ತಿದ್ದುದು ಎರಡೇ ಪ್ರಶ್ನೆ. ಕಥೆಯಲ್ಲಿದ್ದದ್ದು ಏನು ಇಲ್ಲಿಲ್ಲ? ಇಲ್ಲಿರುವುದು ಏನು ಕಥೆಯಲ್ಲಿರಲಿಲ್ಲ? ‘ಚೆನ್ನಾಗಿತ್ತು ಸಾರ್’ ಎಂದವರನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ನಾನು ಅಲ್ಲಿ ಮೊದಲು ನೋಡಿದ್ದು ‘ಘಟಶ್ರಾದ್ಧ’. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿ, ಮಣಿಪಾಲದಲ್ಲಿ ಫಾರ್ಮಸಿ ಓದಿ, ಔಷಧಿಯ ದಾರಿ ಬಿಟ್ಟು ಪುಣೆಯ ಚಲನಚಿತ್ರ ಸಂಸ್ಥೆ ಸೇರಿದವರು ಕಾಸರವಳ್ಳಿ. 1975ರಲ್ಲಿ ಅಲ್ಲಿಂದ ಹೊರಬಂದರು. ವಿದ್ಯಾರ್ಥಿಯಾಗಿ ಮಾಡಿದ ‘ಅವಶೇಷ್’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದು, 1977ರಲ್ಲಿ ತಮ್ಮ ಮೊದಲ ಚಿತ್ರವಾದ ಇದಕ್ಕೇ ಸ್ವರ್ಣಕಮಲ, ಎಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ತೆಗೆದುಕೊಂಡಾಗ ಅವರಿಗೆ ಇನ್ನೂ ಮೂವತ್ತು ದೂರವಿತ್ತು. ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅವರಿಗೆ ಸೋದರಮಾವ. ನಾಟಕ, ಯಕ್ಷಗಾನ, ಪುಸ್ತಕ ಎಲ್ಲವೂ ಮನೆಯೊಳಗೇ ಇದ್ದವು ಎನ್ನಬೇಕು.

ಅನಂತಮೂರ್ತಿಯವರ ಕಥೆಯನ್ನು ಹೇಳುವವನು ವೇದ ಕಲಿಯಲು ಉಡುಪರ ಮನೆಗೆ ಬಂದ ಹುಡುಗ ನಾಣಿ. ಚಿತ್ರದಲ್ಲಿ ಕಾಸರವಳ್ಳಿ ಆ ಮಾತುಗಾರಿಕೆಯನ್ನು ಕಿತ್ತು ಹಾಕಿ, ಅವನ ಕಣ್ಣನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಉಡುಪರ ಮಗಳು, ವಿಧವೆ ಯಮುನಕ್ಕ ಬಸುರಿಯಾಗಿದ್ದಾಳೆಂಬುದು ನಾಣಿಗೆ ಅರ್ಥವಾಗುವ ಮೊದಲೇ ನಮಗೆ ಅರ್ಥವಾಗಿರುತ್ತದೆ. ಆದರೆ ಅವಳ ಜೊತೆ ಕತ್ತಲಲ್ಲಿ ಹೆಜ್ಜೆ ಹಾಕುವವನು ಅವನು, ನಾವಲ್ಲ. ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಮಲೆನಾಡು. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾನೆ. ಅಷ್ಟು ಹೊತ್ತು ನಾಣಿಯನ್ನೇ ಹಿಂಬಾಲಿಸಿದ್ದ ನಾವು, ಕೊನೆಯಲ್ಲಿ ತಲೆ ಬೋಳಿಸಿ ಮರದ ಕೆಳಗೆ ಕೂರಿಸಿದ ಯಮುನೆಯನ್ನು ಬಿಟ್ಟು ಅವನಪ್ಪನ ಹಿಂದೆ ಹೊರಡಬೇಕು. ಅಂದು ಮೇಷ್ಟ್ರು ಪ್ರಶ್ನೆ ಕೇಳಲಿಲ್ಲ. ರೀಲು ಸುತ್ತಲು ಹೇಳಿ ಹೊರಟುಹೋದರು.

ನಿಜವಾಗಿ ನನ್ನ ಬದುಕಿಗೆ ಅಂಟಿಕೊಂಡದ್ದು ಮಾತ್ರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆ, 1986ರ ಸ್ವರ್ಣಕಮಲ. ತಮಿಳಿನ ಚಾರುಹಾಸನ್ ತಬರ ಶೆಟ್ಟಿಯಾಗಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಪುರಸಭೆಯಲ್ಲಿ ಜವಾನನಾಗಿ ನಿವೃತ್ತನಾದ ತಬರ, ಸರ್ಕಾರ ಎಂದರೆ ದೇವರು ಎಂದುಕೊಂಡವನು. ಕಾಫಿ ಬೆಳೆಗಾರರಿಂದ ವಸೂಲಾಗದ ತೆರಿಗೆಯ ಬಾಕಿ ಅವನ ತಲೆಗೇ ಕಟ್ಟಿಕೊಂಡಿದೆ. ಹೆಂಡತಿಯ ಕಾಲಿನ ಗಾಯ ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಪಿಂಚಣಿ ಬಂದರೆ ಚಿಕಿತ್ಸೆ. ಪಿಂಚಣಿ ಬರುವುದು ಅವಳು ಸತ್ತ ಮೇಲೆ.

ಚರ್ಚೆಯಲ್ಲಿ ನಾವೆಲ್ಲ ಲಂಚಕೋರ ಗುಮಾಸ್ತನನ್ನು ಹಿಡಿದು ಬಡಿಯಲು ಹೊರಟೆವು. ಮೇಷ್ಟ್ರು ತಡೆದು, ‘ನಿಯಮ ಮೀರಿದವನು ಯಾರಯ್ಯಾ, ಒಬ್ಬನ ಹೆಸರು ಹೇಳು’ ಎಂದರು. ಪಟ್ಟಿ ಮಾಡಲು ಹೋದರೆ ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು. ಒಬ್ಬನಿಗೆ ಕಾಗದ ಬಂದಿರಲಿಲ್ಲ, ಒಬ್ಬನಿಗೆ ಸಹಿ ಬೇಕಿತ್ತು, ಇನ್ನೊಬ್ಬನಿಗೆ ಮೇಲಿನಿಂದ ಸ್ಪಷ್ಟೀಕರಣ.

ಮುಂದೆ ನನಗೆ ಕೆಲಸ ಸಿಕ್ಕಿದ್ದು ಖಜಾನೆಯಲ್ಲಿ. ಬಹುಕಾಲ ಪಿಂಚಣಿ ವಿಭಾಗದಲ್ಲೇ ಕಳೆದೆ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಸುತ್ತಿಕೊಂಡು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಬರುತ್ತಿದ್ದವರನ್ನು ನೋಡಿದಾಗಲೆಲ್ಲ ಚಾರುಹಾಸನ್ ನಡಿಗೆ ಕಣ್ಣಿಗೆ ಕಟ್ಟುತ್ತಿತ್ತು. ಒಬ್ಬರು ನಿವೃತ್ತ ಜವಾನರು ಬಂದು ಕವರಿನಿಂದ ಒಂದೊಂದೇ ಹಾಳೆ ತೆಗೆದು ಮೇಜಿನ ಮೇಲೆ ಅಂಗೈಯಿಂದ ನೇವರಿಸಿ ಇಟ್ಟರು: ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ, ಕೊನೆಯ ವೇತನ ಪತ್ರ, ಗಂಡ ಹೆಂಡತಿಯ ಜಂಟಿ ಭಾವಚಿತ್ರ. ‘ಎಲ್ಲ ಇದೆಯಲ್ಲಾ ಸ್ವಾಮಿ?’ ಎಂದರು. ಎಲ್ಲವೂ ಇತ್ತು. ಸೇವಾ ಪುಸ್ತಕದಲ್ಲಿ ಹಳೆಯದೊಂದು ಅವಧಿಗೆ ದೃಢೀಕರಣದ ಸಹಿ ಇಲ್ಲವೆಂದು ಪಿಂಚಣಿ ಆದೇಶ ಹೊರಡಿಸುವ ಮಹಾಲೇಖಪಾಲರ ಕಚೇರಿಯಿಂದ ಕಡತ ಅವರ ಇಲಾಖೆಗೆ ವಾಪಸಾಗಿತ್ತು. ಆ ಸಹಿ ಹಾಕಬೇಕಿದ್ದ ಅಧಿಕಾರಿ ತೀರಿಕೊಂಡಿದ್ದರು. ಇಲಾಖೆಯವರು ಹೇಳಿದ್ದೂ ನಿಜ, ಲೇಖಪಾಲರು ಕೇಳಿದ್ದೂ ನಿಯಮದ ಪ್ರಕಾರವೇ, ಆದೇಶ ಬಾರದೆ ಖಜಾನೆ ಹಣ ಕೊಡಲಾಗದು ಎಂಬುದೂ ಸರಿ. ಮೇಷ್ಟ್ರ ಪ್ರಶ್ನೆಗೆ ಅಷ್ಟು ವರ್ಷದ ಮೇಲೆ ಮೇಜಿನ ಈಚೆಗೆ ಕುಳಿತು ಉತ್ತರ ಹುಡುಕಿದಂತಾಯಿತು. ಖಳನಾಯಕನೊಬ್ಬನನ್ನು ತೋರಿಸಿ, ಕೊನೆಯ ರೀಲಿನಲ್ಲಿ ಅವನನ್ನು ಜೈಲಿಗೆ ಕಳಿಸಿಬಿಟ್ಟಿದ್ದರೆ ಆ ಚಿತ್ರವನ್ನು ನಾನು ಎಂದೋ ಮರೆಯುತ್ತಿದ್ದೆ.

ಪದವಿ ಮುಗಿದ ಮೇಲೂ ಕಥೆ ಓದಿಯೇ ಚಿತ್ರ ನೋಡುವ ಚಟ ಬಿಡಲಿಲ್ಲ. ಹಾಗೆ ನೋಡಿದವನಿಗೆ ಗೊತ್ತಾಗುವ ಸಂಗತಿಯೊಂದಿದೆ: ಕಾಸರವಳ್ಳಿಯವರ ಸಾಮಾಜಿಕ ಕಾಳಜಿ ಇರುವುದು ಅವರು ಆರಿಸಿಕೊಂಡ ಕಥೆಗಳಲ್ಲಿ ಅಷ್ಟಾಗಿ ಅಲ್ಲ, ಆ ಕಥೆಗಳಿಗೆ ಅವರು ಕೈಹಾಕಿದ ಜಾಗಗಳಲ್ಲಿ. ವೈದೇಹಿಯವರ ಕಥೆಯಲ್ಲಿ ‘ಗುಲಾಬಿ ಟಾಕೀಸ್’ ಎಂಬುದು ಸಣ್ಣ ಊರಿಗೆ ಬಂದ ಚಿತ್ರಮಂದಿರ. ಅಲ್ಲಿನ ಸೂಲಗಿತ್ತಿ ಲಿಲ್ಲಿಬಾಯಿ. 2008ರ ಚಿತ್ರದಲ್ಲಿ ಅವಳು ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿ. ಊರು ಕುಂದಾಪುರದ ಕಡೆಯ ಮೀನುಗಾರರ ಕುದ್ರು (ನೀರಿನ ನಡುವಿನ ನಡುಗಡ್ಡೆ), ಕಾಲ ಕಾರ್ಗಿಲ್ ಯುದ್ಧದ್ದು, ಟಾಕೀಸಿನ ಬದಲು ಡಿಶ್ ಆಂಟೆನಾ ಸಮೇತ ಬಂದ ಬಣ್ಣದ ಟಿವಿ. ಟಿವಿ ನೋಡಲು ಹೆಂಗಸರು ಗುಲಾಬಿಯ ಗುಡಿಸಲಿಗೆ ಬರುತ್ತಾರೆ, ಕೆಲವರು ಹೊಸ್ತಿಲಾಚೆಯೇ ನಿಂತು ನೋಡುತ್ತಾರೆ. ಸಾಲ ಮಾಡಿ ಕೊಂಡ ದೋಣಿ ಮತ್ತು ಟ್ರಾಲರುಗಳ ಜಗಳ ನಿಧಾನವಾಗಿ ಧರ್ಮದ ಜಗಳದ ವೇಷ ತೊಡುತ್ತದೆ. ಕೊನೆಗೆ ಗುಲಾಬಿಯನ್ನು ದೋಣಿ ಹತ್ತಿಸಿ ಕಳಿಸುತ್ತಾರೆ, ಟಿವಿ ಅಲ್ಲೇ ಉಳಿಯುತ್ತದೆ. ಉಮಾಶ್ರೀಯವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ತಂದ ಪಾತ್ರ ಇದು. ಕಂಪನಿ ನಾಟಕದ ವೇದಿಕೆ ತುಂಬಿ ನಗಿಸುತ್ತಿದ್ದ ಈ ಕಲಾವಿದೆ ಇಲ್ಲಿ ಬರೀ ಟಿವಿ ನೋಡುತ್ತಾ ಕುಳಿತಿರುವುದನ್ನೇ ಮತ್ತೆ ಮತ್ತೆ ನೋಡಬಹುದು.

ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ ಪುನರ್ಜನ್ಮದ ಜಿಜ್ಞಾಸೆಯ ಕಾದಂಬರಿ. ಚಿತ್ರಕ್ಕೆ ಆ ಜಿಜ್ಞಾಸೆಯಲ್ಲಿ ಆಸಕ್ತಿಯೇ ಇಲ್ಲ. ಎಷ್ಟೋ ವರ್ಷದಿಂದ ವಿಧವೆಯಾಗಿರುವವಳ ಮುಂದೆ ಹುಡುಗನೊಬ್ಬನನ್ನು ನಿಲ್ಲಿಸಿ ‘ಇವನೇ ನಿನ್ನ ಗಂಡ’ ಎಂದು ಮನೆಯವರು ಹೇಳಿದರೆ ಅವಳು ಏನು ಮಾಡಬೇಕು ಎಂಬುದಷ್ಟೇ ಅದರ ಚಿಂತೆ. ಕಾದಂಬರಿಯ ಅಭಿಮಾನಿಗಳಾದ ಗೆಳೆಯರು ಈ ವಿಷಯಕ್ಕೆ ನನ್ನೊಡನೆ ಜಗಳವಾಡಿದ್ದಾರೆ. ಅವರ ವಾದದಲ್ಲೂ ಹುರುಳಿಲ್ಲವೆನ್ನಲಾರೆ.

‘ದ್ವೀಪ’ದ ಮಾತು ಬೇರೆ. ನಾ. ಡಿಸೋಜ ಅವರ ಕಾದಂಬರಿ. ಶರಾವತಿಯ ಹಿನ್ನೀರು ನುಂಗಿದ ಊರುಗಳ ಕಥೆ ನಮ್ಮ ಸೀಮೆಯವರಿಗೆ ಪುಸ್ತಕದಿಂದ ತಿಳಿಯಬೇಕಾದದ್ದಲ್ಲ. ಚಿತ್ರವನ್ನು ನಿರ್ಮಿಸಿದವರು, ನಾಗಿಯಾಗಿ ನಟಿಸಿದವರು ಸೌಂದರ್ಯ. ಪರಿಹಾರ ಪಡೆದು ಊರಿನವರೆಲ್ಲ ಹೊರಟ ಮೇಲೂ ಉಳಿದ ಒಂದೇ ಮನೆ, ಏರುತ್ತಲೇ ಇರುವ ನೀರು, ಹೊರಗೆ ಹುಲಿ. ಇಡೀ ರಾತ್ರಿ ಹೋರಾಡಿ ಮನೆ ಉಳಿಸಿದವಳು ನಾಗಿ. ಬೆಳಗಾದ ಮೇಲೆ ಗಂಡ ಗಣಪ ಅದರ ಶ್ರೇಯಸ್ಸನ್ನು ಕೊಡುವುದು ದೇವರಿಗೆ. ಅಣೆಕಟ್ಟಿನ ಬಗ್ಗೆ ಎಂದುಕೊಂಡು ಕುಳಿತ ಚಿತ್ರ ಆ ಒಂದು ಮಾತಿನಲ್ಲಿ ಮನೆಯೊಳಗೆ ಬಂದುಬಿಡುತ್ತದೆ. 2001ನೇ ಸಾಲಿನ ಸ್ವರ್ಣಕಮಲ ಇದಕ್ಕೆ ಬಂತು, ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ಪ್ರಶಸ್ತಿಯೂ ಬಂತು. ಇದಕ್ಕೂ ಮೊದಲು, 1997ರಲ್ಲಿ, ಜಯಮಾಲಾ ನಟಿಸಿದ ‘ತಾಯಿ ಸಾಹೇಬ’ಕ್ಕೆ ಬಂದದ್ದು ಸೇರಿದರೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ನಾಲ್ಕಾದವು. 2011ರಲ್ಲಿ ಪದ್ಮಶ್ರೀ. ಪ್ರಶಸ್ತಿಗಳ ಲೆಕ್ಕ ಇಷ್ಟು ಸಾಕು. ಇಷ್ಟೆಲ್ಲ ಬಂದರೂ ನಮ್ಮ ಊರಿನ ಟಾಕೀಸಿಗೆ ಅವರ ಚಿತ್ರ ಬರಲಿಲ್ಲ ಎಂಬ ಸಿಟ್ಟು ನನಗಿನ್ನೂ ಇದೆ.

‘ಹಸೀನಾ’ ಬಗ್ಗೆ ಈಗ ಹೊಸದಾಗಿ ಹೇಳಬೇಕಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹಲವರು ಅವರ ಕಥೆಗಳನ್ನು ಮೊದಲ ಬಾರಿಗೆ ಹುಡುಕಿ ಓದಿದರು. ಅವರ ‘ಕರಿ ನಾಗರಗಳು’ ಕಥೆಯನ್ನು ಕಾಸರವಳ್ಳಿ 2004ರಲ್ಲೇ ತೆರೆಗೆ ತಂದಿದ್ದರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸು ನ್ಯಾಯ ಕೇಳಿ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ತಾರಾ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟ ಚಿತ್ರ ಇದು.

ಎಲ್ಲವೂ ನನಗೆ ಇಷ್ಟವೆಂದಲ್ಲ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ಇದ್ದ ‘ಮನೆ’ ನನಗೆ ದೂರವೇ ಉಳಿಯಿತು. ಆದರೆ ಅಮರೇಶ ನುಗಡೋಣಿಯವರ ಕಥೆಯನ್ನು ಆಧರಿಸಿದ ‘ಕನಸೆಂಬೋ ಕುದುರೆಯನೇರಿ’ಯನ್ನು ಯಾರು ಕೇಳಿದರೂ ಶಿಫಾರಸು ಮಾಡುತ್ತೇನೆ. ಹೆಣ ಹೂಳಲು ಗುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧಪುರುಷ ಬಂದರೆ ಊರಲ್ಲಿ ಸಾವು ಖಚಿತ. ಕನಸು ಬಿದ್ದು ಗೌಡರ ಮನೆಗೆ ಹೋದರೆ ಅಲ್ಲಿ ಯಾರೂ ಸತ್ತಿಲ್ಲ ಎನ್ನುತ್ತಾರೆ. ಅದೇ ಸಂಗತಿಯನ್ನು ಮತ್ತೊಮ್ಮೆ ಗೌಡರ ಮನೆಯ ಒಳಗಿನಿಂದ ತೋರಿಸಿದಾಗ, ಬಡವನ ಕನಸು ಸುಳ್ಳಾಗಿರಲಿಲ್ಲ, ಸಾವನ್ನೇ ಬಚ್ಚಿಟ್ಟಿದ್ದರು ಎಂದು ತಿಳಿಯುತ್ತದೆ. ಹಾಸ್ಯನಟ ಎಂದೇ ನಾವು ತಿಳಿದಿದ್ದ ವೈಜನಾಥ ಬಿರಾದಾರ್ ಆ ಈರ್ಯಾ.

2024ರಲ್ಲಿ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ನಾವು ನೋಡಿದ ಗೀರು ತುಂಬಿದ ಪ್ರತಿಯಲ್ಲಿ ಕಾಣದೆ ಹೋದದ್ದು ಈಗಿನವರಿಗಾದರೂ ಕಾಣಲಿ.

ಕಾಲೇಜಿನಲ್ಲಿ ಚಿತ್ರ ಸಮಾಜ ಮತ್ತೆ ಶುರುವಾಗುತ್ತಿದೆ, ಮೊದಲು ಯಾವುದನ್ನು ತೋರಿಸೋಣ ಎಂದು ಸಂಪಾದಕ ಸಮಿತಿಯ ವಿದ್ಯಾರ್ಥಿನಿಯೊಬ್ಬರು ಫೋನಿನಲ್ಲಿ ಕೇಳಿದರು. ‘ತಬರನ ಕಥೆ’ ತೋರಿಸಿ ಎಂದೆ. ಅದರಲ್ಲೂ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಕಥೆ ಇದೆ. ಗ್ರಂಥಾಲಯದಲ್ಲಿ ಒಂದೇ ಪ್ರತಿ ಇದ್ದರೆ ತಿಳಿಸಿ, ಇನ್ನಷ್ಟು ಕಳುಹಿಸುತ್ತೇನೆ.