ಕೊನೇ ಸಾಲಿನ ಮೇಲೇನಿದೆ?

“ಅಪ್ಪ ಕೊನೇ ಸಾಲು ಮಾತ್ರ ನೋಡ್ತಾರೆ ಮೇಡಂ, ಮೇಲಿಂದು ಯಾರೂ ಓದಲ್ಲ.”

ಈ ವಾರ ಒಂಬತ್ತನೇ ತರಗತಿಯ ಕನ್ನಡ ಪಾಠದಲ್ಲಿ, ಮೆಕ್ಕೆಜೋಳ ಮಾರಿದಾಗ ಮಂಡಿಯಲ್ಲಿ ಕೊಟ್ಟ ಲೆಕ್ಕತಿರುವಳಿ ಚೀಟಿ ಹಿಡಿದುಕೊಂಡು ಹುಡುಗಿಯೊಬ್ಬಳು ಹೇಳಿದ ಮಾತಿದು. ಅವಳ ಅಪ್ಪನನ್ನು ದೂರಲಾರೆ. ಮಂಡಿಯಲ್ಲಿ ದುಡ್ಡು ಎಣಿಸಿಕೊಳ್ಳುವ ಹೊತ್ತಿಗೆ ಟ್ರ್ಯಾಕ್ಟರಿನವನು ಹೊರಡಲು ಅವಸರ ಮಾಡುತ್ತಿರುತ್ತಾನೆ. ಆದರೆ ತಪ್ಪೇನಾದರೂ ಆಗಿದ್ದರೆ ಆ ಮೇಲಿನ ಸಾಲುಗಳಲ್ಲೇ ಆಗಿರುತ್ತದೆ.

ಅಸಲು, ಬಡ್ಡಿ, ಠೇವಣಿ, ಜಾಮೀನು ಎಂದು ಪದ-ಅರ್ಥ ಬರೆಸಿ ಮುಗಿಸಿದರೆ ಪರೀಕ್ಷೆಯ ಮರುದಿನ ಒಂದೂ ನೆನಪಿರುವುದಿಲ್ಲ. ಒಂದು ಚೀಟಿಯನ್ನೇ ಪಾಠ ಮಾಡಬೇಕು. ಹೆಸರು, ಫೋನ್ ನಂಬರ್, ಖಾತೆ ಸಂಖ್ಯೆ ಮುಚ್ಚಿ ಜೆರಾಕ್ಸ್ ತೆಗೆದು ನಾಲ್ವರಿಗೊಂದರಂತೆ ಕೊಡಿ. ಕೊನೇ ಸಾಲನ್ನೂ ಮುಚ್ಚಿಡಿ, ಅದನ್ನು ಮಕ್ಕಳೇ ಲೆಕ್ಕ ಹಾಕಿ ಹೇಳಲಿ.

ತೂಕ 6 ಕ್ವಿಂಟಲ್ 40 ಕಿಲೋ, ದರ ಕ್ವಿಂಟಲಿಗೆ 2,200 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 14,080. ಹಮಾಲಿ 150, ಮುಂಗಡ 3,000 ಕಳೆದರೆ ನಿವ್ವಳ 10,930. ಮಕ್ಕಳು ಎಡವುವುದು ಮೊದಲು ತೂಕದಲ್ಲಿ: ಚೀಲದ ತೂಕ ಕಳೆದಿದ್ದಾರೋ ಇಲ್ಲವೋ ನೋಡುವುದಿಲ್ಲ. ಆಮೇಲೆ ಮುಂಗಡವನ್ನೂ ಖರ್ಚಿಗೆ ಸೇರಿಸುತ್ತಾರೆ. ಮುಂಗಡ ಮೊದಲೇ ಕೈಸೇರಿದ ಹಣ, ಖರ್ಚು ಹಮಾಲಿಯೊಂದೇ. ಮುಂಗಡಕ್ಕೆ ಬಡ್ಡಿ ಹಾಕಿದ್ದರೆ ಅದು ಬೇರೆ ಸಾಲಿನಲ್ಲಿ ಕಾಣಬೇಕು. ಅಸಲು-ಬಡ್ಡಿಯ ವ್ಯತ್ಯಾಸ ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ದಲಾಲಿ ಎಂಬ ಕಡಿತ ಕಂಡರಂತೂ ಅಲ್ಲೇ ಪಾಠ ನಿಲ್ಲಿಸಿ. ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ನಿಯಮದಂತೆ ಅದನ್ನು ಕೊಡಬೇಕಾದವನು ಖರೀದಿದಾರ, ರೈತನಲ್ಲ.

ಇದೆಲ್ಲ ಪಿಯುಸಿ ಕಾಮರ್ಸ್‌ನವರ ಪಾಠ ಎನ್ನುವ ಕನ್ನಡ ಮೇಷ್ಟ್ರುಗಳಿದ್ದಾರೆ. ಹಳಗನ್ನಡವನ್ನು ಸೊಗಸಾಗಿ ಬಿಡಿಸಿ ಹೇಳುವವರು, ಆದರೂ ಈ ಮಾತು ಒಪ್ಪಲಾರೆ. ಕಾಮರ್ಸ್ ತೆಗೆದುಕೊಳ್ಳದ ಮಕ್ಕಳ ಮನೆಗೂ ಸುಗ್ಗಿಯಲ್ಲಿ ಈ ಚೀಟಿ ಬರುತ್ತದೆ. “ಮೇಲಿಂದು ಯಾರೂ ಓದಲ್ಲ” ಎಂದವಳಿಗೆ ಕಡೇಪಕ್ಷ ಓದಲು ಕಲಿಸುವುದು ಭಾಷೆಯ ಪಾಠವೇ ತಾನೆ?

ಓದಿದ ಮೇಲೆ ಪತ್ರಲೇಖನ. ರಜೆ ಅರ್ಜಿಯ ಬದಲು ಎಪಿಎಂಸಿ ಕಾರ್ಯದರ್ಶಿಗೆ ತಕರಾರು ಬರೆಸಿ. ಹೆಚ್ಚಿನ ಮಕ್ಕಳು “ನಾವು ಬಡವರು, ದಯವಿಟ್ಟು ಕನಿಕರಿಸಿ” ಎಂದೇ ಶುರುಮಾಡುತ್ತಾರೆ. ಆ ಸಾಲು ಹೊಡೆದುಹಾಕಿಸಿ. ಚೀಟಿಯ ಸಂಖ್ಯೆ, ದಿನಾಂಕ, ಯಾವ ಸಾಲಿನ ಬಗ್ಗೆ ತಕರಾರು, ಎಷ್ಟು ಮೊತ್ತ ಇಷ್ಟು ಬರಲಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಕೆಳಗೆ “ಅಡಕ: ಲೆಕ್ಕತಿರುವಳಿಯ ನಕಲು”. ಮೂಲ ಚೀಟಿ ಮನೆಯಲ್ಲೇ ಉಳಿಯಬೇಕು. ಪತ್ರದ ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಸಮೇತ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಬೇಕು.