ಲಿಂಕನ್ ಸಹಿ ಹಾಕಿದ ಇನ್ನೊಂದು ಕಾಯ್ದೆ

ಅಮೆರಿಕದ ಇತಿಹಾಸದಲ್ಲಿ 1862 ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಂತರ್ಯುದ್ಧ. ಹಾಸನದ ಸೀಮೆಯಲ್ಲಿ ರಾಗಿ, ಆಲೂಗೆಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಆ ವರ್ಷದ ಜುಲೈ 2ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಮಾರಿಲ್ ಕಾಯ್ದೆಯೇ ಅಂದಿನ ಯಾವ ಕದನಕ್ಕಿಂತಲೂ ದೊಡ್ಡ ತಿರುವಾಗಿ ಕಾಣುತ್ತದೆ. ವರ್ಮಾಂಟ್ ರಾಜ್ಯದ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿ, ಕಾಲೇಜಿನ ಮೆಟ್ಟಿಲು ಹತ್ತಲಾಗದ ಜಸ್ಟಿನ್ ಮಾರಿಲ್, ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಿಗೂ ಉನ್ನತ ಶಿಕ್ಷಣ ಸಿಗಬೇಕೆಂದು ಹಟ ಹಿಡಿದರು. ಮಾರಿಲ್ ಅವರ ಮಸೂದೆಯನ್ನು 1859ರಲ್ಲಿ ಅಧ್ಯಕ್ಷ ಬುಕಾನನ್ ತಿರಸ್ಕರಿಸಿದ್ದರು. ವಿರೋಧಿಸುತ್ತಿದ್ದ ದಕ್ಷಿಣದ ಸದಸ್ಯರು ಒಕ್ಕೂಟ ತೊರೆದು ಹೋದ ಮೇಲೆ ಅದಕ್ಕೆ ದಾರಿಯಾಯಿತು. ಸಂಸತ್ತಿನ ಒಬ್ಬೊಬ್ಬ ಸದಸ್ಯನ ಲೆಕ್ಕಕ್ಕೆ 30,000 ಎಕರೆ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಅದನ್ನು ಮಾರಿದ ಹಣದಿಂದ ಕೃಷಿ ಮತ್ತು ತಾಂತ್ರಿಕ ಕಾಲೇಜುಗಳನ್ನು ನಡೆಸುವುದು ಅದರ ಏರ್ಪಾಡು. ಆ ಭೂಮಿ ಮೂಲನಿವಾಸಿಗಳಿಂದ ಒಪ್ಪಂದದ ಹೆಸರಿನಲ್ಲಿ, ಅನೇಕ ಕಡೆ ಬಲವಂತದಿಂದ ಕಿತ್ತುಕೊಂಡದ್ದು ಎಂಬುದನ್ನು ಮುಚ್ಚಿಟ್ಟು ಈ ಕಾಯ್ದೆಯನ್ನು ಹೊಗಳುವುದು ನನಗೆ ಸಾಧ್ಯವಿಲ್ಲ.

ಈ ಕಾಯ್ದೆಯ ಷರತ್ತುಗಳಿಗೆ ಮೊದಲು ಒಪ್ಪಿದ ರಾಜ್ಯ ಅಯೋವಾ. ಗುಲಾಮ ತಾಯಿಯ ಮಗನಾಗಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1891ರಲ್ಲಿ ಅಲ್ಲಿನ ಕೃಷಿ ಕಾಲೇಜಿಗೆ ಸೇರಿದ ಮೊದಲ ಕಪ್ಪು ವಿದ್ಯಾರ್ಥಿ. 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕಪ್ಪು ಜನರಿಗಾಗಿ ಅಲಬಾಮಾದಲ್ಲಿ ಟಸ್ಕಿಗೀ ಎಂಬ ಶಿಕ್ಷಣ ಸಂಸ್ಥೆಯನ್ನು ನಡೆಸುತ್ತಿದ್ದ ಬುಕರ್ ಟಿ. ವಾಷಿಂಗ್ಟನ್ ಅವರ ಕರೆಗೆ ಓಗೊಟ್ಟು ಅಲ್ಲಿಗೆ ಬಂದರು. ವರ್ಷವರ್ಷವೂ ಹತ್ತಿಯನ್ನೇ ಬೆಳೆದು ಅಲ್ಲಿನ ಮಣ್ಣು ಸತ್ವ ಕಳೆದುಕೊಂಡಿತ್ತು. ಪಾಲಿಗೆ ಉಳುವ ಕಪ್ಪು ರೈತರ ಕೈಯಲ್ಲಿ ಗೊಬ್ಬರ ಕೊಳ್ಳಲು ಕಾಸಿರಲಿಲ್ಲ. ಅಲಸಂದೆ, ಕಡಲೆಕಾಯಿ ಬಿತ್ತಿರಿ, ಅವುಗಳ ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ ಎಂಬುದು ಕಾರ್ವರ್ ಆ ರೈತರಿಗೆ ಹೇಳಿಕೊಟ್ಟ ಪಾಠ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ ಹಾಕುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸತೆನಿಸುತ್ತಿರಲಿಲ್ಲ. ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದವರೆಂದು ಕಾರ್ವರ್ ಅವರನ್ನು ಹೊಗಳುವ ರೂಢಿಯಿದೆ. ಅದು ನಿಜವಲ್ಲ, ಅವರ ದೊಡ್ಡತನಕ್ಕೆ ಅದರ ಅಗತ್ಯವೂ ಇಲ್ಲ.

ನನ್ನನ್ನು ಬಹಳವಾಗಿ ಹಿಡಿದಿರುವುದು 1906ರಲ್ಲಿ ಟಸ್ಕಿಗೀಯಿಂದ ಹೊರಟ ಒಂದು ಗಾಡಿ. ನೇಗಿಲು, ಬಿತ್ತನೆ ಬೀಜ, ಬೆಣ್ಣೆ ಕಡೆಯುವ ಯಂತ್ರ ಮೊದಲಾದವನ್ನು ಹೇರಿಕೊಂಡು ಅದು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿತ್ತು. ಕಾಲೇಜಿಗೆ ಬರಲಾಗದವರ ಹೊಲದಲ್ಲೇ, ಅವರ ಕಣ್ಣೆದುರಿಗೇ ಉತ್ತು ಬಿತ್ತಿ ತೋರಿಸುವುದು ಅದರ ಕೆಲಸ. ಮುಂದೆ 1914ರ ಸ್ಮಿತ್-ಲೀವರ್ ಕಾಯ್ದೆ ಇಂತಹ ವಿಸ್ತರಣಾ ಕಾರ್ಯಕ್ಕೆ ಸರ್ಕಾರದ ಹಣವನ್ನು ಒದಗಿಸಿತು. ಅದೇ ದಶಕದಲ್ಲಿ ಮೂತಿಹುಳು ಅಲಬಾಮಾದ ಹತ್ತಿಯನ್ನು ತಿಂದುಹಾಕಿದಾಗ ಅನೇಕರು ಕಡಲೆಕಾಯಿಗೆ ಹೊರಳಿದರು. ಎಂಟರ್‌ಪ್ರೈಸ್ ಎಂಬ ಊರಿನ ಜನ ಹಾಗೆ ಹೊರಳಿ ಚೇತರಿಸಿಕೊಂಡು, 1919ರಲ್ಲಿ ಆ ಹುಳುವಿನ ಹೆಸರಿನಲ್ಲೇ ಸ್ಮಾರಕ ಕಟ್ಟಿದರು.

ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಆ ಮಾದರಿ ಭಾರತಕ್ಕೂ ಬಂದಿತು. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಟೆನೆಸ್ಸೀ ವಿಶ್ವವಿದ್ಯಾನಿಲಯದ ತಜ್ಞರ ನೆರವು ದೊರೆಯಿತು, ಮತ್ತು ನಮ್ಮ ಹಾಸನದ ಕಾರೆಕೆರೆಯ ಕೃಷಿ ಕಾಲೇಜು ಅದೇ ವಿಶ್ವವಿದ್ಯಾನಿಲಯದ ಅಡಿಯಲ್ಲಿ ಆರಂಭವಾದದ್ದು. ಆಲೂಗೆಡ್ಡೆಗೆ ಅಂಗಮಾರಿ ರೋಗ ತಗುಲಿ ಎಲೆ ಕಪ್ಪಾದಾಗ ನಮ್ಮ ರೈತರು ಇಂದಿಗೂ ಮೊದಲು ಕೇಳುವುದು ಔಷಧಿ ಅಂಗಡಿಯವರನ್ನೇ. ಅಂತಿಮ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಬಂದು ಉಳಿಯುವ ಕೃಷಿ ವಿದ್ಯಾರ್ಥಿಗಳು ಆ ಹೊತ್ತಿಗೆ ಬದುವಿನ ಮೇಲೆ ರೈತರ ಜೊತೆ ನಿಂತಿರಬೇಕೆಂಬುದು ನನ್ನ ಆಸೆ.