ಅಪೆಂಡಿಕ್ಸ್ ಎಲ್ಲಿ ಹೋಯ್ತು?

ಜೂನ್ 14, 2025, ಶನಿವಾರ

ತಿಂಡಿ ಮುಗಿಸಿ ತಂಗಿ ಪಕ್ಕದಲ್ಲಿ ಬಂದು ಕೂತಳು. ಮೊದಲ ವರ್ಷದ ಎಂಬಿಬಿಎಸ್. "ಅಣ್ಣಾ, ಅಪೆಂಡಿಕ್ಸ್ ತೋರಿಸು ನೋಡೋಣ" ಅಂದಳು.

ಒಂದು ವಾರದಿಂದ ನಾನು ವಿಸಿಬಲ್ ಹ್ಯೂಮನ್ ಅನ್ನೋ ಮನುಷ್ಯದೇಹದ ಚಿತ್ರಗಳ ಡೇಟಾ ಹಿಡಿದು ಒದ್ದಾಡುತ್ತಿದ್ದೇನೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1994ರಲ್ಲಿ ಹೊರತಂದದ್ದು. ಟೆಕ್ಸಾಸ್‌ನಲ್ಲಿ ಮರಣದಂಡನೆಯಾದ ಕೈದಿಯೊಬ್ಬ ವಿಜ್ಞಾನಕ್ಕೆಂದು ಬಿಟ್ಟುಹೋದ ದೇಹ. ಅದನ್ನು ನೀಲಿ ಜೆಲಾಟಿನ್‌ನಲ್ಲಿಟ್ಟು ಹೆಪ್ಪುಗಟ್ಟಿಸಿದರು. ಆಮೇಲೆ ಒಂದೊಂದು ಮಿಲಿಮೀಟರ್ ತುರಿಯುತ್ತಾ, ಪ್ರತಿ ಸಲ ಫೋಟೋ ತೆಗೆದರು. ಹೌದು, ತುರಿದದ್ದೇ. ಪದರ ಪುಡಿಯಾಗಿ ಹೋಯಿತು. ಉಳಿದದ್ದು 1,871 ಚಿತ್ರ.

ಒಂದೊಂದು ಚಿತ್ರ 2048 ಪಿಕ್ಸೆಲ್ ಅಡ್ಡ, 1216 ಪಿಕ್ಸೆಲ್ ಉದ್ದ. ಒಟ್ಟು ಸುಮಾರು 14 ಜಿಬಿ. ನನ್ನ ಲ್ಯಾಪ್‌ಟಾಪಿನ ಮೆಮೊರಿ 16. ಮೊದಲ ದಿನ ಪೂರ್ತಿ ತೆರೆಯಲು ಹೋಗಿ ಮೌಸೂ ಅಲುಗಾಡಲಿಲ್ಲ. ಆಮೇಲೆ ಮೂರೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿಸಿದೆ. ಅರ್ಧದ ಅರ್ಧದ ಅರ್ಧ, ಅಂದರೆ ಎಂಟನೇ ಒಂದು ಭಾಗ. ಎರಡು ಜಿಬಿಯೂ ಇಲ್ಲ. ಪ್ಯಾರಾವ್ಯೂ ಅನ್ನೋ 3ಡಿ ಚಿತ್ರ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಈಗ ದೇಹ ಸಲೀಸಾಗಿ ತಿರುಗುತ್ತದೆ. ತಿರುಗಿಸುವಾಗ ಮಸುಕು, ಕೈ ಬಿಟ್ಟರೆ ಸ್ಪಷ್ಟ. ಕಣ್ಣಿಗೆ ಇದು ಮೋಸ ಅನ್ನಿಸುವುದೇ ಇಲ್ಲ.

ಮೊದಲು ನೀಲಿಯನ್ನು ಪಾರದರ್ಶಕ ಮಾಡಿದೆ. ಜೆಲಾಟಿನ್ ಕರಗಿ ಮನುಷ್ಯ ಹೊರಬಂದ. ಆಮೇಲೆ ಅಡ್ಡಕೊಯ್ತದ ಸ್ಲೈಡರ್ ಹಿಡಿದು ಹೊಟ್ಟೆಗೆ ಇಳಿದೆವು. ದೊಡ್ಡ ಕರುಳು ಶುರುವಾಗುವ ಜಾಗ ಸಿಕ್ಕಿತು. ಬಾಲದ ಹಾಗೆ ಅಂಟಿಕೊಂಡಿರಬೇಕಾದದ್ದು ಮಾತ್ರ ಇಲ್ಲ!

ನಾನೇ ಅರ್ಧಕ್ಕೆ ಇಳಿಸುವಾಗ ಕಳೆದೆ ಅನ್ನಿಸಿತು. ಆದರೆ ಈಗಿನ ಪದರ ಎರಡು ಮಿಲಿಮೀಟರ್. ಅಪೆಂಡಿಕ್ಸ್ ಸುಮಾರು ಆರು ಮಿಲಿಮೀಟರ್ ದಪ್ಪ ಅಂತ ಇವಳೇ ಹೇಳುತ್ತಾಳೆ. ಅಷ್ಟು ಸುಲಭವಾಗಿ ಮಾಯವಾಗಲ್ಲ ಅಲ್ವಾ? ಆದರೂ ಅನುಮಾನ. ಆ ಜಾಗದ ಮೂಲ ಚಿತ್ರಗಳನ್ನಷ್ಟೇ ಪೂರ್ತಿ ಗಾತ್ರದಲ್ಲಿ ತೆರೆದೆ. ಅಲ್ಲೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಅಮ್ಮ ಎರಡು ಸಲ ಕರೆದರು.

ಕೊನೆಗೆ ತಂಗಿಯೇ ಫೋನಿನಲ್ಲಿ ಹುಡುಕಿ ಓದಿದಳು. ಆ ಕೈದಿಯ ಅಪೆಂಡಿಕ್ಸನ್ನು ಬದುಕಿದ್ದಾಗಲೇ ಆಪರೇಷನ್ ಮಾಡಿ ತೆಗೆದಿದ್ದರಂತೆ. ಮೂರು ಗಂಟೆ ಸುಮ್ನೆ ನನ್ನನ್ನೇ ಬೈದುಕೊಂಡಿದ್ದೆ.

"ಅವನಿಗೆ ಒಂದು ಹಲ್ಲು ಕೂಡ ಕಮ್ಮಿಯಂತೆ. ಹುಡುಕೋಣ್ವಾ?"

ಅನ್ನ ಆರಿತ್ತು. ಸ್ಲೈಡರನ್ನು ತಲೆಯ ಕಡೆಗೆ ಎಳೆದೆ.